ಜೋಜಿಲಾ ಏರಿದ ಕೊಡಗಿನ ದಂಡನಾಯಕ: ಜನರಲ್ ತಿಮ್ಮಯ್ಯನವರ ಬಾಳು ಗಡಿನಾಡಿಗೆ ಹೇಳುವುದೇನು?

ನಾಯಕತ್ವವನ್ನು ಕುರಿತ ಪುಸ್ತಕಗಳಿಗೂ ಭಾಷಣಗಳಿಗೂ ಇಂದು ಬರವಿಲ್ಲ. ಹೊರನಾಡಿನ ಸೇನಾಪತಿಗಳು, ದೊಡ್ಡ ಕಂಪೆನಿಗಳನ್ನು ಕಟ್ಟಿದ ಉದ್ಯಮಿಗಳು, ವಿಶ್ವಕಪ್ ಗೆದ್ದ ತಂಡಗಳ ನಾಯಕರು ನಮ್ಮ ಶಾಲಾ ಕಾಲೇಜುಗಳ ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ದಿನವೂ ಉದಾಹರಣೆಗಳಾಗಿ ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಜಿಲ್ಲೆಯ ಪಾಣತ್ತೂರಿನಿಂದ ಕರಿಕೆಯ ಘಟ್ಟವನ್ನೇರಿ, ಭಾಗಮಂಡಲವನ್ನು ದಾಟಿ ಮುಂದೆ ಸಾಗಿದರೆ ಸಿಗುವ ಮಡಿಕೇರಿಯಲ್ಲಿ ಹುಟ್ಟಿ ಬೆಳೆದ ಒಬ್ಬ ದಂಡನಾಯಕನನ್ನು ನಮ್ಮ ಮಕ್ಕಳು ಎಷ್ಟರಮಟ್ಟಿಗೆ ಬಲ್ಲರು ಎಂದು ನಾವು ಕೇಳಿಕೊಳ್ಳಬೇಕಾಗಿದೆ. ಜನರಲ್ ಕೆ.ಎಸ್. ತಿಮ್ಮಯ್ಯ ಎಂಬ ಹೆಸರನ್ನು ಕೇಳದವರು ವಿರಳ. ಆ ಹೆಸರಿನ ಹಿಂದಿರುವ ಬಾಳನ್ನು ಅರಿತವರು ಇನ್ನೂ ವಿರಳ.

ಕೊಡಗು ನಮಗೆ ದೂರದ ನಾಡಲ್ಲ. ಕಾಸರಗೋಡಿನ ಬಳಿ ಕಡಲು ಸೇರುವ ಚಂದ್ರಗಿರಿ ಹೊಳೆಯ ನೀರು ಕೊಡಗಿನ ಬೆಟ್ಟಗಳಿಂದ ಬರುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ, ಅದುವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ಅದೇ ದಿನ, ಅದುವರೆಗೆ ತನ್ನದೇ ಶಾಸನಸಭೆಯುಳ್ಳ ಪುಟ್ಟ ರಾಜ್ಯವಾಗಿದ್ದ ಕೊಡಗು ಮೈಸೂರು ರಾಜ್ಯದಲ್ಲಿ ಲೀನವಾಯಿತು. ಒಂದೇ ಬೆಟ್ಟಸಾಲಿನ ಎರಡು ಇಳಿಜಾರುಗಳ ಜನರಿಗೆ ಒಂದೇ ದಿನ ಹೊಸ ವಿಳಾಸ ದೊರೆಯಿತು. ಸಣ್ಣ ಜನಸಮುದಾಯವೊಂದು ದೊಡ್ಡ ವ್ಯವಸ್ಥೆಯೊಳಗೆ ತನ್ನತನವನ್ನು ಉಳಿಸಿಕೊಂಡು ಗೌರವದಿಂದ ಬಾಳುವುದು ಹೇಗೆಂಬ ಪ್ರಶ್ನೆ ಅವರಿಗೂ ಇತ್ತು, ನಮಗೂ ಇದೆ. ತಿಮ್ಮಯ್ಯನವರ ಬಾಳನ್ನು ನಾವು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಲು ಬಯಸುತ್ತೇವೆ.

ಕೊಡಂದೇರ ಮನೆಯ ಹುಡುಗ

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್ ತಿಂಗಳ ಕೊನೆಯಲ್ಲಿ, ಮಡಿಕೇರಿಯಲ್ಲಿ. ಕೊಡಂದೇರ ಒಕ್ಕಕ್ಕೆ ಸೇರಿದ ಅವರ ಮನೆಯವರು ಕಾಫಿ ಬೆಳೆಗಾರರು. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ.ಎಂ. ಕಾರ್ಯಪ್ಪನವರೂ ಇದೇ ಒಕ್ಕದವರು. ಸುಬ್ಬಯ್ಯ ಎಂಬುದು ಹುಡುಗನ ಸ್ವಂತ ಹೆಸರು, ತಿಮ್ಮಯ್ಯ ಎಂಬುದು ತಂದೆಯ ಹೆಸರು. ಶಾಲೆಯ ದಾಖಲೆಯಿಂದ ಮುಂದಕ್ಕೆ ತಂದೆಯ ಹೆಸರೇ ಮಗನಿಗೆ ನಿಂತಿತು. ತಾಯಿ ಸೀತಮ್ಮನವರು ಸಮಾಜಸೇವೆಗಾಗಿ ಕೈಸರ್-ಇ-ಹಿಂದ್ ಪದಕ ಪಡೆದ ಮಹಿಳೆ. ಕೂನೂರಿನ ಸೇಂಟ್ ಜೋಸೆಫ್ ಶಾಲೆಯಲ್ಲೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಓದಿದ ಹುಡುಗ, ಡೆಹರಾಡೂನಿನಲ್ಲಿ 1922ರಲ್ಲಿ ಹೊಸದಾಗಿ ತೆರೆದ ಸೈನಿಕ ಕಾಲೇಜಿನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬನಾದ. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಆಯ್ಕೆಯಾಗಿ, 1926ರ ಫೆಬ್ರವರಿಯಲ್ಲಿ ಸೇನಾಧಿಕಾರಿಯಾಗಿ ಹೊರಬಂದ.

ಆ ಕಾಲದಲ್ಲಿ ಬ್ರಿಟಿಷ್ ಭಾರತದ ಸೇನೆಯಲ್ಲಿ ಭಾರತೀಯನೊಬ್ಬ ಅಧಿಕಾರಿಯಾಗುವುದೆಂದರೆ ಗೆರೆ ಎಳೆದ ಅಂಗಳದೊಳಗೆ ನಡೆಯುವುದಾಗಿತ್ತು. 1923ರಲ್ಲಿ ಸರ್ಕಾರ ಎಂಟು ದಳಗಳನ್ನು ಆರಿಸಿ, ಭಾರತೀಯ ಅಧಿಕಾರಿಗಳನ್ನು ಅವುಗಳಿಗೆ ಮಾತ್ರ ಕಳುಹಿಸುವ ಯೋಜನೆಯನ್ನು ಜಾರಿಗೆ ತಂದಿತ್ತು. ಬಿಳಿಯ ಅಧಿಕಾರಿಗಳು ಭಾರತೀಯರ ಕೈಕೆಳಗೆ ದುಡಿಯಬೇಕಾದ ಪ್ರಸಂಗ ಬಾರದಿರಲಿ ಎಂಬುದು ಅದರ ಒಳ ಉದ್ದೇಶ. ಈ ಎಂಟು ದಳಗಳಲ್ಲಿ ಒಂದು 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್. ತಿಮ್ಮಯ್ಯನವರು ಸೇರಿದ್ದು ಇದನ್ನೇ. ಇನ್ನೊಂದು 7ನೇ ಲೈಟ್ ಕ್ಯಾವಲ್ರಿ. ಈ ಎರಡನೆಯ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಜೋಜಿಲಾ ಕಣಿವೆಯಲ್ಲಿ ಅದು ಮತ್ತೆ ಬರುತ್ತದೆ.

ಬೆಟಾಲಿಯನ್ ಅಲಹಾಬಾದಿನಲ್ಲಿ ಬೀಡುಬಿಟ್ಟಿದ್ದ ಕಾಲ. ಸ್ವಾತಂತ್ರ್ಯ ಚಳವಳಿಯ ಕಾವು ಎಲ್ಲೆಡೆ ಹಬ್ಬಿತ್ತು. ಪರಕೀಯರ ಸಮವಸ್ತ್ರವನ್ನು ಕಳಚಿಬಿಡೋಣವೆ ಎಂಬ ತಳಮಳ ತಿಮ್ಮಯ್ಯನವರನ್ನೂ ಅವರ ಒರಗೆಯ ಅಧಿಕಾರಿಗಳನ್ನೂ ಕಾಡಿತು. ಅಂಥ ಹೊತ್ತಿನಲ್ಲಿ ಮೋತಿಲಾಲ್ ನೆಹರೂ ಅವರು ಈ ಯುವಕರಿಗೆ ಸೇನೆಯಲ್ಲಿಯೇ ಉಳಿದು ಕೆಲಸ ಕಲಿಯುವಂತೆ, ನಾಳೆ ಸ್ವತಂತ್ರವಾಗುವ ದೇಶಕ್ಕೆ ಪಳಗಿದ ಸೇನಾಧಿಕಾರಿಗಳು ಬೇಕಾಗುವರೆಂದು ಬುದ್ಧಿ ಹೇಳಿದ ಪ್ರಸಂಗ ತಿಮ್ಮಯ್ಯನವರ ಜೀವನಕಥೆಯಲ್ಲಿ ಪ್ರಸಿದ್ಧವಾಗಿದೆ. ಅವರು ಉಳಿದರು. ಅವಮಾನಗಳನ್ನು ನುಂಗಿಕೊಂಡು ಕೆಲಸ ಕಲಿತರು.

ಕ್ವೆಟ್ಟಾದಿಂದ ಅರಾಕಾನ್‌ವರೆಗೆ

1935ರ ಜನವರಿಯಲ್ಲಿ ತಿಮ್ಮಯ್ಯನವರು ನೀನಾ ಅವರನ್ನು ಮದುವೆಯಾದರು. ಅದೇ ವರ್ಷ ಮೇ 31ರ ನಸುಕಿನಲ್ಲಿ, ಅವರು ನೆಲೆಸಿದ್ದ ಕ್ವೆಟ್ಟಾ ನಗರ ಭೂಕಂಪಕ್ಕೆ ಸಿಕ್ಕಿ ನೆಲಸಮವಾಯಿತು. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೊಸ ದಂಪತಿ ತಮ್ಮ ಮನೆವಾರ್ತೆಯನ್ನು ಬದಿಗಿಟ್ಟು ಗಾಯಾಳುಗಳ ಸೇವೆಗೆ ನಿಂತರು. ನೀನಾ ಅವರ ಶುಶ್ರೂಷೆಗಾಗಿ ಅವರಿಗೂ ಕೈಸರ್-ಇ-ಹಿಂದ್ ಪದಕ ಬಂತು. ಅತ್ತೆಗೆ ಬಂದಿದ್ದ ಪದಕವೇ ಸೊಸೆಗೂ ಬಂದುದು ಆ ಮನೆಯ ಸಂಸ್ಕಾರವನ್ನು ತೋರಿಸುತ್ತದೆ.

ಎರಡನೇ ಮಹಾಯುದ್ಧದ ಆರಂಭದಲ್ಲಿ ತಿಮ್ಮಯ್ಯನವರು ತಮ್ಮ ಬೆಟಾಲಿಯನ್ನಿನೊಂದಿಗೆ ಸಿಂಗಾಪುರದಲ್ಲಿದ್ದರು. ಅದು ಜಪಾನೀಯರ ವಶವಾಗುವ ಮೊದಲೇ ಅವರಿಗೆ ಭಾರತಕ್ಕೆ ವರ್ಗವಾಗಿತ್ತು. ಅವರ ಅಣ್ಣ ಪೊನ್ನಪ್ಪನವರು ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದರು. ಒಂದೇ ತಾಯಿಯ ಮಕ್ಕಳು ಯುದ್ಧದ ಎರಡು ಬದಿಗಳಲ್ಲಿ ನಿಂತರು. ದೇಶದ ಬಿಡುಗಡೆಯ ದಾರಿ ಯಾವುದೆಂಬ ಬಗ್ಗೆ ಒಂದು ಮನೆಯೊಳಗೇ ಎರಡು ಉತ್ತರಗಳಿದ್ದ ಕಾಲವದು. ಆ ಉತ್ತರಗಳಲ್ಲಿ ಯಾವುದನ್ನೂ ಹಳಿಯುವ ಹಕ್ಕು ನಮಗಿಲ್ಲ.

ಬರ್ಮಾದ ಅರಾಕಾನ್ ಪ್ರದೇಶದಲ್ಲಿ ತಿಮ್ಮಯ್ಯನವರು 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ದಳಪತಿಯಾಗಿದ್ದರು. 1945ರ ಆರಂಭದಲ್ಲಿ ಕಂಗಾವ್ ಎಂಬಲ್ಲಿ ನಡೆದ ಘೋರ ಕಾಳಗದಲ್ಲಿ 51ನೇ ಬ್ರಿಗೇಡಿನ ಮೂರೂ ಬೆಟಾಲಿಯನ್ನುಗಳ ಮುಖ್ಯಸ್ಥರು ಭಾರತೀಯರೇ: ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್ ಮತ್ತು ಎಲ್.ಪಿ. ಸೇನ್. ಭಾರತೀಯರು ಯುದ್ಧದಲ್ಲಿ ಸೈನ್ಯವನ್ನು ನಡೆಸಬಲ್ಲರೆ ಎಂಬ ಹಳೆಯ ಸಂಶಯಕ್ಕೆ ಅಲ್ಲಿ ಉತ್ತರ ಸಿಕ್ಕಿತು. ಮೂವರಿಗೂ ಡಿ.ಎಸ್.ಒ. ಪದಕ ಬಂತು. ಬಳಿಕ ಯುದ್ಧಭೂಮಿಯಲ್ಲಿ ಬ್ರಿಗೇಡೊಂದರ ಹೊಣೆ ಹೊತ್ತ ಮೊದಲ ಭಾರತೀಯರೆಂಬ ಹೆಗ್ಗಳಿಕೆ ತಿಮ್ಮಯ್ಯನವರದಾಯಿತು. ಅರಾಕಾನಿನಲ್ಲಿ ಅವರ ಕೈಕೆಳಗೆ ದುಡಿದ ಯುವ ಅಧಿಕಾರಿಗಳಲ್ಲಿ ಸೋಮನಾಥ ಶರ್ಮಾ ಒಬ್ಬರು. 1947ರ ನವೆಂಬರ್ 3ರಂದು ಶ್ರೀನಗರದ ಬಳಿಯ ಬಡ್ಗಾಮಿನಲ್ಲಿ ಪ್ರಾಣಕೊಟ್ಟು ವಿಮಾನ ನಿಲ್ದಾಣವನ್ನು ಉಳಿಸಿದ, ದೇಶದ ಮೊದಲ ಪರಮವೀರ ಚಕ್ರಕ್ಕೆ ಪಾತ್ರರಾದ ಮೇಜರ್ ಸೋಮನಾಥ ಶರ್ಮಾ ಅವರೇ ಇವರು. ನಾಯಕನ ಅಳತೆ ಅವನು ಗೆದ್ದ ಕಾಳಗಗಳಿಂದಷ್ಟೇ ಆಗುವುದಿಲ್ಲ. ಅವನ ನೆರಳಿನಲ್ಲಿ ಎಂಥವರು ಬೆಳೆದರು ಎಂಬುದರಿಂದಲೂ ಆಗುತ್ತದೆ.

ಲೇಹ್‌ನ ಮರಳು, ಜೋಜಿಲಾದ ಹಿಮ

ದೇಶ ಎರಡಾದಾಗ ತಿಮ್ಮಯ್ಯನವರು ಪಂಜಾಬಿನಲ್ಲಿ ನಿರಾಶ್ರಿತರ ರಕ್ಷಣೆಯ ಹೊಣೆ ಹೊತ್ತಿದ್ದರು. 1948ರಲ್ಲಿ ಕಾಶ್ಮೀರ ಕಣಿವೆಯ ಡಿವಿಷನ್ ಅವರ ಕೈಗೆ ಬಂತು. ಆಗ ಲಡಾಖ್ ಕೈತಪ್ಪಿ ಹೋಗುವ ಸ್ಥಿತಿಯಲ್ಲಿತ್ತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿನ ಕಾರ್ಗಿಲ್ ಮತ್ತು ದ್ರಾಸ್ ದಾಳಿಕೋರರ ವಶವಾದವು. ಲೇಹ್‌ನಲ್ಲಿದ್ದ ಬೆರಳೆಣಿಕೆಯ ಸೈನಿಕರಿಗೆ ನೆರವು ತಲಪಿಸಲು ಆಕಾಶಮಾರ್ಗವೊಂದೇ ಉಳಿದಿತ್ತು. ಅಲ್ಲಿ ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಸ್ಥಳೀಯರ ಶ್ರಮದಿಂದ ಸಿಂಧೂ ನದಿಯ ಬದಿಯಲ್ಲಿ ಮರಳುನೆಲದ ಒಂದು ಓಡುಪಟ್ಟಿಯನ್ನು ಸಿದ್ಧಪಡಿಸಿದ್ದರು. ಹನ್ನೊಂದು ಸಾವಿರ ಅಡಿಗೂ ಮೇಲಿರುವ ಆ ನೆಲದಲ್ಲಿ ಅದುವರೆಗೆ ಯಾವ ವಿಮಾನವೂ ಇಳಿದಿರಲಿಲ್ಲ. 1948ರ ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಅವರು ಡಕೋಟಾ ವಿಮಾನವನ್ನು ಹಿಮಾಲಯದ ನೆತ್ತಿಯ ಮೇಲಿಂದ ಹಾರಿಸಿ ಅಲ್ಲಿ ಇಳಿಸಿದರು. ಆ ವಿಮಾನದಲ್ಲಿ ಕುಳಿತಿದ್ದ ಪ್ರಯಾಣಿಕರು ಡಿವಿಷನ್ನಿನ ಮುಖ್ಯಸ್ಥರಾದ ತಿಮ್ಮಯ್ಯನವರೇ. ತನ್ನ ಸೈನಿಕರನ್ನು ಆ ಅಪರಿಚಿತ ದಾರಿಯಲ್ಲಿ ಕಳುಹಿಸುವ ಮೊದಲು ಆ ದಾರಿಯನ್ನು ತಾನೇ ಹಾದು ನೋಡಬೇಕೆಂಬುದು ಅವರ ನಡೆಯ ಅರ್ಥವಾಗಿತ್ತು.

ಆದರೆ ವಿಮಾನಗಳ ನೆರವಿನಿಂದಷ್ಟೇ ಲಡಾಖ್ ಉಳಿಯುವಂತಿರಲಿಲ್ಲ. ಭೂಮಾರ್ಗ ತೆರೆಯಬೇಕಿತ್ತು. ಆ ಮಾರ್ಗದ ಬಾಗಿಲು ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರದ ಜೋಜಿಲಾ ಕಣಿವೆ. ಎರಡೂ ಬದಿಯ ಬಂಡೆಗಳಲ್ಲಿ ವೈರಿಗಳು ಗುಹೆಗಳನ್ನು ಕೊರೆದು ಮೆಷಿನ್ ಗನ್ನುಗಳನ್ನು ಹೂಡಿ ಕುಳಿತಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿ ವಿಫಲವಾಯಿತು. ಚಳಿಗಾಲ ಮುಖ್ಯದ್ವಾರದಲ್ಲಿ ನಿಂತಿತ್ತು. ಹಿಮ ಬಿದ್ದು ದಾರಿ ಮುಚ್ಚಿದರೆ ಲೇಹ್‌ನ ಗತಿ ಮುಂದಿನ ಬೇಸಗೆಯವರೆಗೆ ದೈವಾಧೀನ.

ಆಗ ಮೂಡಿದ ಯೋಜನೆ ಜೋಜಿಲಾಕ್ಕೆ ಟ್ಯಾಂಕುಗಳನ್ನು ಏರಿಸುವುದು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಯುದ್ಧ ಮಾಡಿದ್ದನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿದ್ದ ಕಾರ್ಯಪ್ಪನವರು ಒಪ್ಪಿಗೆ ಕೊಟ್ಟರು. ಆರಿಸಿಕೊಂಡದ್ದು 7ನೇ ಲೈಟ್ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕುಗಳನ್ನು. ಅವುಗಳ ಮೇಲ್ಭಾಗದ ಗೋಪುರಗಳನ್ನು ಕಳಚಿ, ಮುಸುಕು ಹೊದಿಸಿ, ಜಮ್ಮು ಕಡೆಯಿಂದ ಶ್ರೀನಗರದ ಮಾರ್ಗವಾಗಿ ಗುಟ್ಟಿನಲ್ಲಿ ಸಾಗಿಸಿದರು. ಭಾರ ತಾಳಲಾರದ ಸೇತುವೆಗಳನ್ನು ಬಲಪಡಿಸಿದರು. ಬಾಲ್ತಾಲದಿಂದ ಕಣಿವೆಯ ನೆತ್ತಿಯವರೆಗೆ ಹೇಸರಗತ್ತೆಗಳು ಓಡಾಡುವ ಕಾಲುದಾರಿಯಷ್ಟೇ ಇತ್ತು. ಮದರಾಸ್ ಸ್ಯಾಪರ್ಸ್ ದಳದ ಎಂಜಿನಿಯರ್ ಸೈನಿಕರು ವೈರಿಯ ಗುಂಡಿನ ನಡುವೆ ಬಂಡೆ ಒಡೆದು ಅದನ್ನು ಟ್ಯಾಂಕು ಹಾಯುವ ದಾರಿಯಾಗಿ ಮಾಡಿದರು. ದಕ್ಷಿಣದ ಬಿಸಿಲುನಾಡಿನವರು ಹಿಮದಲ್ಲಿ ನಿಂತು ಕಡಿದ ಆ ದಾರಿ ಇಲ್ಲದಿದ್ದರೆ ಟ್ಯಾಂಕುಗಳ ಸಾಹಸಕ್ಕೆ ಅವಕಾಶವೇ ಇರುತ್ತಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಹಿಮಪಾತದಿಂದಾಗಿ ಮುಂದೂಡಲ್ಪಟ್ಟ ದಾಳಿ ಕೊನೆಗೆ 1948ರ ನವೆಂಬರ್ 1ರಂದು ನಡೆಯಿತು. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯನವರು ಸ್ವತಃ ಕುಳಿತಿದ್ದರು. ಮೇಜರ್ ಜನರಲ್ ದರ್ಜೆಯ ಅಧಿಕಾರಿ ಅಲ್ಲಿರಬೇಕಾದ ಅಗತ್ಯವಿರಲಿಲ್ಲ. ಹಿಂದೆ ಡೇರೆಯಲ್ಲಿ ಭೂಪಟದ ಮುಂದೆ ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅಸಾಧ್ಯವೆಂದು ಹಲವರು ತಲೆಯಾಡಿಸಿದ್ದ ಯೋಜನೆಗೆ ಸೈನಿಕರನ್ನು ಒಡ್ಡುವಾಗ ತಾನೂ ಅದಕ್ಕೆ ಒಡ್ಡಿಕೊಳ್ಳಬೇಕೆಂಬ ನ್ಯಾಯ ಅವರದು. ಹಿಮದ ನಡುವಿನಿಂದ ಗರ್ಜಿಸುತ್ತ ಬಂದ ಉಕ್ಕಿನ ಬಂಡಿಗಳನ್ನು ಕಂಡು ವೈರಿಗಳು ದಿಗಿಲುಗೊಂಡು ನೆಲೆ ಬಿಟ್ಟರು. ನವೆಂಬರ್ ಮಧ್ಯದಲ್ಲಿ ದ್ರಾಸ್, ತಿಂಗಳು ಮುಗಿಯುವುದರೊಳಗೆ ಕಾರ್ಗಿಲ್ ಮರಳಿ ಕೈಸೇರಿದವು. ಲೇಹ್‌ನ ದಾರಿ ತೆರೆಯಿತು. 1949ರ ಜನವರಿ 1ರಂದು ಕದನವಿರಾಮವಾದಾಗ ಲಡಾಖ್ ಭಾರತದಲ್ಲಿ ಉಳಿದಿತ್ತು.

ಎಂಟು ದಳಗಳ ಗೆರೆ ಎಳೆದು ಭಾರತೀಯರನ್ನು ಅದರೊಳಗೆ ಕೂಡಿಹಾಕಿದ ಯೋಜನೆಗೆ ಆಗ ಇಪ್ಪತ್ತೈದು ವರ್ಷ. ಆ ಗೆರೆಯೊಳಗೆ ಪಳಗಿದ ಒಬ್ಬ ಅಧಿಕಾರಿ, ಅದೇ ಗೆರೆಯೊಳಗಿದ್ದ ಇನ್ನೊಂದು ದಳದೊಂದಿಗೆ ಸೇರಿ ಜೋಜಿಲಾವನ್ನು ಗೆದ್ದರು.

ಕೊರಿಯದಲ್ಲಿ ಕಾವಲು

ಗೆಲ್ಲುವುದಕ್ಕಿಂತ ಕಠಿಣವಾದ ಕೆಲಸ ಅವರಿಗೆ 1953ರಲ್ಲಿ ಎದುರಾಯಿತು. ಮೂರು ವರ್ಷಗಳ ಕೊರಿಯ ಯುದ್ಧ ಕದನವಿರಾಮಕ್ಕೆ ಬಂದು ನಿಂತಾಗ ಬಗೆಹರಿಯದೆ ಉಳಿದದ್ದು ಕೈದಿಗಳ ಪ್ರಶ್ನೆ. ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದ ಚೀನೀ ಮತ್ತು ಉತ್ತರ ಕೊರಿಯದ ಕೈದಿಗಳಲ್ಲಿ 22,600ಕ್ಕೂ ಹೆಚ್ಚು ಮಂದಿ ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ. ಇನ್ನೊಂದು ಬದಿಯಲ್ಲಿ ಹಾಗೆ ಉಳಿದವರು 359 ಮಂದಿ. ಅವರಲ್ಲಿ 23 ಮಂದಿ ಅಮೆರಿಕನ್ನರು. ಇವರೆಲ್ಲರ ಇಚ್ಛೆ ನಿಜವಾಗಿಯೂ ಏನೆಂದು ತಿಳಿಯಲು ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯ ಮತ್ತು ಭಾರತ ಸೇರಿದ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರಾಗಿ ತಿಮ್ಮಯ್ಯನವರನ್ನು ಭಾರತ ಕಳುಹಿಸಿತು. ಕೈದಿಗಳ ಕಾವಲಿಗೆ ಹೋದ ಭಾರತೀಯ ಪಡೆಯ ಮುಖ್ಯಸ್ಥರು ಕಂಗಾವ್ ಕಾಳಗದ ಜೊತೆಗಾರ ಥೋರಟ್.

ಯಾರಿಗೂ ಬೇಡವಾದ ಹೊಣೆ ಅದು. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಬಾರದೆಂದು ಹಟ ಹಿಡಿದುದರಿಂದ, ಸಾವಿರಾರು ಸೈನಿಕರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು. ಆಯೋಗದಲ್ಲಿ ಎರಡು ದೇಶಗಳು ಒಂದು ಕಡೆಗೆ, ಎರಡು ಇನ್ನೊಂದು ಕಡೆಗೆ ವಾಲಿದಾಗ ತೀರ್ಮಾನದ ಭಾರ ಅಧ್ಯಕ್ಷರ ಮೇಲೆಯೇ ಬೀಳುತ್ತಿತ್ತು. ಶಿಬಿರಗಳೊಳಗೆ ಕೈದಿಗಳದೇ ಸಂಘಟಿತ ಗುಂಪುಗಳಿದ್ದು, ಊರಿಗೆ ಮರಳಲು ಬಯಸಿದವರನ್ನು ಅವು ಹೆದರಿಸಿ ಹಿಂಸಿಸುತ್ತಿದ್ದವು. ಬಲ ಪ್ರಯೋಗಿಸಿದರೆ ರಕ್ತಪಾತ, ಸುಮ್ಮನಿದ್ದರೆ ಪಕ್ಷಪಾತದ ಆರೋಪ. ಶಿಬಿರದೊಳಗೆ ಹೋದ ಭಾರತೀಯ ಮೇಜರ್ ಒಬ್ಬರನ್ನು ಕೈದಿಗಳು ಹಿಡಿದಿಟ್ಟುಕೊಂಡಾಗ ಥೋರಟ್ ಅವರು ಆಯುಧವಿಲ್ಲದೆ ಒಳಹೊಕ್ಕು, ಅವರೊಡನೆ ಕುಳಿತು ಮಾತಾಡಿ, ಒಂದು ಗುಂಡೂ ಹಾರದಂತೆ ಬಿಡಿಸಿ ತಂದರು.

ಕೈದಿಗಳಿಗೆ ವಿವರಣೆ ನೀಡಲು ಗೊತ್ತುಪಡಿಸಿದ್ದ 90 ದಿನಗಳಲ್ಲಿ ನಿಜವಾಗಿ ಕೆಲಸ ನಡೆದದ್ದು ಕೆಲವೇ ದಿನ. ಅವಧಿ ಮುಗಿದಾಗ ಒಂದು ಬಣ ಕೈದಿಗಳನ್ನು ಬಿಡುಗಡೆ ಮಾಡಬೇಕೆಂದಿತು, ಇನ್ನೊಂದು ಬಣ ಅವಧಿ ಬೆಳೆಸಬೇಕೆಂದಿತು. ತಿಮ್ಮಯ್ಯನವರು ಎರಡನ್ನೂ ಒಪ್ಪಲಿಲ್ಲ. ಆಯೋಗಕ್ಕೆ ಕೊಟ್ಟ ಅಧಿಕಾರದಲ್ಲಿ ಬಿಡುಗಡೆ ಮಾಡುವ ಹಕ್ಕೂ ಇಲ್ಲ, ಅವಧಿ ಬೆಳೆಸುವ ಹಕ್ಕೂ ಇಲ್ಲವೆಂದು ಎಣಿಸಿ, 1954ರ ಜನವರಿಯಲ್ಲಿ ಕೈದಿಗಳನ್ನು ಯಾರಿಂದ ಪಡೆದಿದ್ದರೋ ಅವರಿಗೇ ಒಪ್ಪಿಸಿದರು. ಎರಡೂ ಬಣಗಳಿಂದ ಬೈಗುಳ ಬಂತು. ಆದರೂ ಮೂರನೇ ಮಹಾಯುದ್ಧದ ಕಿಡಿ ಹಾರಬಹುದಾಗಿದ್ದ ಆ ನೆಲದಲ್ಲಿ ದೊಡ್ಡ ಅನಾಹುತವಿಲ್ಲದೆ ಕೆಲಸ ಮುಗಿಯಿತು. ಆ ವರ್ಷ ಅವರಿಗೆ ಪದ್ಮಭೂಷಣ ಸಂದಿತು. ತನಗೆ ಕೊಟ್ಟ ಅಧಿಕಾರದ ಮೇರೆಯನ್ನು ಅರಿತು, ಅದಕ್ಕಿಂತ ಒಂದು ಹೆಜ್ಜೆಯನ್ನೂ ಆಚೆ ಇಡದಿರುವುದು ನಾಯಕನಿಗೆ ಜೋಜಿಲಾ ಏರುವುದಕ್ಕಿಂತ ಸುಲಭವೆಂದು ನಾವು ಭಾವಿಸುವುದಿಲ್ಲ.

ಕೊಟ್ಟ ರಾಜೀನಾಮೆ, ಹಿಂಪಡೆದ ರಾಜೀನಾಮೆ

1957ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾದರು. ಅದೇ ವರ್ಷ ಕೇರಳದ ಕೋಯಿಕ್ಕೋಡ್ ಮೂಲದ ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿ ಬಂದರು. ಮೆನನ್ ತೀಕ್ಷ್ಣಮತಿ, ಕಾಶ್ಮೀರ ವಿಷಯದಲ್ಲಿ ವಿಶ್ವಸಂಸ್ಥೆಯಲ್ಲಿ ಗಂಟೆಗಟ್ಟಲೆ ವಾದಿಸಿದ ವಾಗ್ಮಿ. ಆದರೆ ಸೇನೆಯ ಬಡ್ತಿಗಳಲ್ಲಿ ಅವರ ಕೈ ಹೆಚ್ಚಾಗುತ್ತಿದೆ, ಜ್ಯೇಷ್ಠತೆಯೂ ಅನುಭವವೂ ಮೂಲೆಗೆ ಸರಿಯುತ್ತಿವೆ ಎಂಬುದು ತಿಮ್ಮಯ್ಯನವರ ಕೊರಗು. ಇಬ್ಬರ ನಡುವಿನ ಬಿರುಕು ಬೆಳೆಯಿತು. ಉತ್ತರದ ಗಡಿಯಲ್ಲಿ ಚೀನೀ ಸೈನಿಕರೊಂದಿಗೆ ಘರ್ಷಣೆಗಳು ಆರಂಭವಾಗಿದ್ದ ಹೊತ್ತಿನಲ್ಲೇ, 1959ರ ಆಗಸ್ಟ್ 31ರಂದು ಅವರು ರಾಜೀನಾಮೆ ಸಲ್ಲಿಸಿದರು.

ಪ್ರಧಾನಿ ನೆಹರೂ ಕರೆಸಿ ಮಾತಾಡಿದರು. ತಿಮ್ಮಯ್ಯನವರು ರಾಜೀನಾಮೆಯನ್ನು ಹಿಂಪಡೆದರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗಳಿಗೆ ಸಿಕ್ಕಿತ್ತು. ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ನೆಹರೂ ಅವರು ಚುನಾಯಿತ ಸರ್ಕಾರದ ಅಧಿಕಾರವೇ ಮೇಲೆಂಬುದನ್ನು ಎತ್ತಿಹಿಡಿದು, ಜನರಲ್ ಅವರ ನಡೆಯನ್ನು ಮೆಚ್ಚದೆ ಮಾತಾಡಿದರು. ಹಿಂದಿನ ವರ್ಷವಷ್ಟೇ ನೆರೆಯ ಪಾಕಿಸ್ತಾನದಲ್ಲಿ ಸೇನೆ ಅಧಿಕಾರ ಹಿಡಿದಿತ್ತೆಂಬುದನ್ನು ನೆನೆದರೆ ಆ ಎಚ್ಚರಕ್ಕೂ ಕಾರಣವಿತ್ತೆಂದು ಒಪ್ಪಬೇಕು. ತಿಮ್ಮಯ್ಯನವರು ಎಂದೂ ಆ ದಾರಿಯನ್ನು ಕಣ್ಣೆತ್ತಿ ನೋಡಿದವರಲ್ಲ. ಸಂಸತ್ತಿನಲ್ಲಿ ಅವಮಾನವಾದ ಮೇಲೂ ಸುಮ್ಮನೆ ತಮ್ಮ ಕೆಲಸ ಮುಂದುವರಿಸಿದರು. ಆದರೆ ಅವರ ಮಾತಿಗೆ ಆ ಬಳಿಕ ಹಿಂದಿನ ತೂಕ ಉಳಿಯಲಿಲ್ಲ. ಪೂರ್ವ ಕಮಾಂಡಿನಲ್ಲಿದ್ದ ಥೋರಟ್ ಅವರು ಚೀನೀ ಆಕ್ರಮಣದ ಸಾಧ್ಯತೆಯನ್ನು ಮುಂಗಂಡು ರೂಪಿಸಿದ ರಕ್ಷಣಾ ಯೋಜನೆಯನ್ನು ತಿಮ್ಮಯ್ಯನವರು ಬೆಂಬಲಿಸಿ ಸಚಿವರಿಗೆ ಒಪ್ಪಿಸಿದರೂ ಅದು ಮನ್ನಣೆ ಪಡೆಯಲಿಲ್ಲ. ತಮ್ಮ ಬಳಿಕ ಥೋರಟ್ ಅವರೇ ಮುಖ್ಯಸ್ಥರಾಗಲೆಂಬ ಅವರ ಅಭಿಪ್ರಾಯವೂ ನಡೆಯಲಿಲ್ಲ. 1961ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ನಿವೃತ್ತರಾದರು. ಮರುವರ್ಷದ ಅಕ್ಟೋಬರ್–ನವೆಂಬರಿನಲ್ಲಿ ಚೀನಾ ಯುದ್ಧದ ಸೋಲು ಬಂತು. ಮೆನನ್ ಅಧಿಕಾರ ಬಿಡಬೇಕಾಯಿತು.

ಅವರು ರಾಜೀನಾಮೆಯನ್ನು ಹಿಂಪಡೆಯದಿದ್ದರೆ ಏನಾಗುತ್ತಿತ್ತೆಂದು ಚರಿತ್ರಕಾರರು ಇಂದಿಗೂ ಚರ್ಚಿಸುತ್ತಾರೆ. ಪ್ರಧಾನಿಯ ಮಾತಿಗೆ ಗೌರವ ಕೊಟ್ಟದ್ದು ಸೈನಿಕನ ಸಹಜ ವಿನಯವೆಂದು ಕೆಲವರು, ದೇಶ ಎಚ್ಚರಗೊಳ್ಳಬಹುದಾಗಿದ್ದ ಅವಕಾಶವೊಂದು ಕೈತಪ್ಪಿತೆಂದು ಕೆಲವರು. ನಮಗೆ ಕಾಣುವುದಿಷ್ಟು: ರಾಜೀನಾಮೆಯೆಂಬುದು ನಾಯಕನ ಬತ್ತಳಿಕೆಯ ಕೊನೆಯ ಬಾಣ. ಬಿಟ್ಟ ಬಾಣವನ್ನು ಮರಳಿ ಬತ್ತಳಿಕೆಗೆ ಸೇರಿಸಿದರೆ ಮುಂದೆ ಅದಕ್ಕೆ ಯಾರೂ ಅಂಜುವುದಿಲ್ಲ. ಜೋಜಿಲಾದಲ್ಲಿ ಹಿಂದೆ ನೋಡದ ವೀರನೂ ದಿಲ್ಲಿಯ ಕಚೇರಿಯಲ್ಲಿ ಒಂದು ಹೆಜ್ಜೆ ಹಿಂದಿಟ್ಟನೆಂಬುದನ್ನು ಮುಚ್ಚಿಟ್ಟು ಅವರನ್ನು ಹೊಗಳಿದರೆ ಅವರಿಗೂ ಗೌರವವಲ್ಲ, ಓದುಗರಿಗೂ ಲಾಭವಿಲ್ಲ.

ಸೈಪ್ರಸ್‌ನಲ್ಲಿ ಕೊನೆಯ ದಿನಗಳು

ನಿವೃತ್ತಿಯ ಬಳಿಕವೂ ಕರೆ ಬಂತು. ಗ್ರೀಕ್ ಮತ್ತು ತುರ್ಕಿ ಜನಾಂಗಗಳ ಕಲಹದಿಂದ ಹೊತ್ತಿ ಉರಿಯುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆ 1964ರಲ್ಲಿ ಶಾಂತಿಪಾಲನಾ ಪಡೆಯನ್ನು ನೆಲೆಗೊಳಿಸಿತ್ತು. ಅದರ ಮೊದಲ ದಳಪತಿ ಭಾರತದವರೇ ಆದ ಪಿ.ಎಸ್. ಗ್ಯಾನಿ. ಅವರ ಬಳಿಕ ಆ ವರ್ಷದ ಜುಲೈಯಲ್ಲಿ ತಿಮ್ಮಯ್ಯನವರು ಆ ಸ್ಥಾನಕ್ಕೆ ಹೋದರು. ಹಲವು ದೇಶಗಳ, ಹಲವು ಭಾಷೆಗಳ ಸೈನಿಕರನ್ನು ಒಂದೇ ನೀಲಿ ಟೊಪ್ಪಿಗೆಯಡಿ ನಡೆಸುತ್ತ, ಒಂದೇ ನೆಲದ ಇಬ್ಬರು ನೆರೆಯವರ ನಡುವೆ ನಿಂತು ಗುಂಡಿನ ಸದ್ದನ್ನು ಅಡಗಿಸುವುದು ಅವರ ಕೆಲಸವಾಗಿತ್ತು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಹೃದಯಾಘಾತದಿಂದ ಅಲ್ಲೇ ಕೊನೆಯುಸಿರೆಳೆದರು. ಆಗ ಅವರಿಗೆ 59 ವರ್ಷ. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗಾಗಿ ಅಂಚೆಚೀಟಿ ಹೊರಡಿಸಿತು. ಅಲ್ಲಿನ ಲಾರ್ನಕಾ ನಗರದ ಒಂದು ರಸ್ತೆಗೆ ಇಂದಿಗೂ ಅವರ ಹೆಸರಿದೆ. ಕೊಡಗಿನ ಕಾಫಿತೋಟದ ಮನೆಯ ಮಗನ ಹೆಸರನ್ನು ಮೆಡಿಟರೇನಿಯನ್ ಕಡಲಿನ ಕರೆಯ ಜನ ದಿನನಿತ್ಯ ಉಚ್ಚರಿಸುತ್ತಾರೆ.

ಗಡಿನಾಡು ಕಲಿಯಬೇಕಾದುದು

ಈ ಬಾಳಿನಿಂದ ಸೂತ್ರಗಳ ಪಟ್ಟಿಯೊಂದನ್ನು ಹೆಕ್ಕಿ ಗೋಡೆಗೆ ತೂಗುಹಾಕುವುದು ನಮ್ಮ ಉದ್ದೇಶವಲ್ಲ. ಆದರೆ ಕಾಸರಗೋಡಿನ ಕನ್ನಡಿಗರಾದ ನಾವು ಅದರ ಮುಂದೆ ನಿಂತು ನಮ್ಮ ಮುಖವನ್ನು ನೋಡಿಕೊಳ್ಳಬಹುದು. 1956ರಿಂದ ಇಂದಿನವರೆಗೆ ನಮ್ಮ ಭಾಷೆಯ ಹಕ್ಕಿಗಾಗಿ ಮನವಿಗಳನ್ನು ಬರೆದಿದ್ದೇವೆ, ಮೆರವಣಿಗೆ ಹೋಗಿದ್ದೇವೆ, ಧರಣಿ ಕುಳಿತಿದ್ದೇವೆ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ ಮಾತು ಕಡತದಲ್ಲೇ ಉಳಿದಿದೆ. ಹೋರಾಟಕ್ಕಾಗಿ ಆಯುಷ್ಯ ಸವೆಸಿದ ಹಿರಿಯರು ನಮ್ಮಲ್ಲಿದ್ದರು; ಅವರಿಗೆ ನಾವು ಋಣಿಗಳು. ಆದರೆ ಇಂದು ವೇದಿಕೆಯ ಮೇಲೆ ಕನ್ನಡ ಶಾಲೆ ಉಳಿಯಬೇಕೆಂದು ಭಾಷಣ ಮಾಡುವವರ ಮನೆಯ ಮಕ್ಕಳು ಬೆಳಗ್ಗೆ ಯಾವ ಶಾಲೆಯ ವಾಹನ ಹತ್ತುತ್ತಾರೆ ಎಂಬ ಪ್ರಶ್ನೆಯನ್ನು ಕೇಳಲು ನಾವು ಸಂಕೋಚಪಡುತ್ತೇವೆ. ಬಡವರ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿ ತಮ್ಮ ಮಕ್ಕಳನ್ನು ಬೇರೆಡೆಗೆ ಕಳುಹಿಸುವವರು ಮುಂಚೂಣಿಯ ಟ್ಯಾಂಕಿನಲ್ಲಿ ಕುಳಿತವರಲ್ಲ. ಹಿಂದಿನ ಡೇರೆಯಲ್ಲಿ ಉಳಿದವರು. ಜನರಿಗೆ ಇದು ಕಾಣುತ್ತದೆ. ಕರೆಗೆ ಓಗೊಡುವವರು ಕಡಿಮೆಯಾಗಲು ಇದೂ ಒಂದು ಕಾರಣ.

ಕೊರಿಯದ ಪಾಠವೂ ನಮಗೆ ಸಲ್ಲುತ್ತದೆ. ಎರಡು ದೊಡ್ಡ ಭಾಷೆಗಳ, ಎರಡು ಸರ್ಕಾರಗಳ ನಡುವೆ ಬದುಕುವ ನಮ್ಮ ಊರುಗಳಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಟಿ, ಉರ್ದು ಮಾತಾಡುವವರೂ ಇದ್ದಾರೆ. ನಮ್ಮ ಹಕ್ಕನ್ನು ಕೇಳುವಾಗ ನೆರೆಯವನ ಇಚ್ಛೆಯನ್ನೂ ಕಾಯುವ ತಾಳ್ಮೆ ನಮ್ಮ ನಾಯಕರಿಗೆ ಬೇಕು. ದ್ವೇಷದ ಭಾಷೆಯಲ್ಲಿ ಭಾಷೆಯ ಪ್ರೇಮವನ್ನು ಹೇಳಲಾಗದು. 1959ರ ಪ್ರಸಂಗ ಕಲಿಸುವುದು ಬೇರೆಯೇ: ಬಹಿಷ್ಕಾರ, ರಾಜೀನಾಮೆ, ಉಪವಾಸಗಳನ್ನು ಸಾರುವ ಮೊದಲು ನೂರು ಸಲ ಯೋಚಿಸಬೇಕು, ಸಾರಿದ ಮೇಲೆ ಒಂದು ಭರವಸೆಯ ಮಾತಿಗೆ ಮರಳಿ ಮಡಚಿಡಬಾರದು. ಚುನಾವಣೆಯ ಹೊತ್ತಿನ ಆಶ್ವಾಸನೆಗಳಿಗೆ ಒಪ್ಪಿ ನಿಲ್ಲಿಸಿದ ಚಳವಳಿಗಳನ್ನು ಮತ್ತೆ ಎಬ್ಬಿಸುವುದು ಎಷ್ಟು ಕಷ್ಟವೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ತಿಮ್ಮಯ್ಯನವರು ಬಾಲ್ಯ ಕಳೆದ ಮಡಿಕೇರಿಯ ಸನ್ನಿ ಸೈಡ್ ಎಂಬ ಮನೆ ಬಹುಕಾಲ ಸರ್ಕಾರಿ ಸಾರಿಗೆ ಕಚೇರಿಯಾಗಿತ್ತು. ಅದನ್ನು ಸ್ಮಾರಕ ವಸ್ತುಸಂಗ್ರಹಾಲಯವಾಗಿ ಪರಿವರ್ತಿಸಿ, 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿದರು. ನಮ್ಮ ಜಿಲ್ಲೆಯ ಶಾಲೆಗಳ ಪ್ರವಾಸಗಳು ಪ್ರತಿವರ್ಷ ಮಡಿಕೇರಿಗೆ ಹೋಗುತ್ತವೆ. ರಾಜಾಸೀಟಿನ ಮಂಜನ್ನೂ ಅಬ್ಬಿ ಜಲಪಾತವನ್ನೂ ಕಂಡು ಮರಳುವ ಮಕ್ಕಳನ್ನು ಆ ಮನೆಯೊಳಗೂ ಕರೆದೊಯ್ಯಿರೆಂದು ಅಧ್ಯಾಪಕ ಬಂಧುಗಳನ್ನು ವಿನಂತಿಸುತ್ತೇವೆ. ಜೋಜಿಲಾದ ಟ್ಯಾಂಕುಗಳ ಕಥೆಯನ್ನು ಅಲ್ಲಿ ಹೇಳಿರಿ. ರಾಜೀನಾಮೆಯ ಕಥೆಯನ್ನೂ ಬಿಡದೆ ಹೇಳಿರಿ.